ಕ್ಯಾಮೆರಾ ನಿಮ್ಮದು, ಬೀಗದ ಕೈ ಯಾರದ್ದು? ಒಂದೇ ಕೇಬಲ್‌ನಲ್ಲಿ ಕರೆಂಟು, ಚಿತ್ರ ಎರಡೂ ಹರಿಸುವ ಪಿಒಇ: ಪೂರ್ತಿ ವಿವರ

ಮನೆಗೆ ಸಿಸಿಟಿವಿ ಹಾಕಿಸಬೇಕು ಅಂತ ಅಂಗಡಿಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ, 'ಎಷ್ಟು ಮೆಗಾಪಿಕ್ಸೆಲ್ ಬೇಕು ಸರ್?' ಆದರೆ ಮೊದಲು ಕೇಳಬೇಕಾದ ಪ್ರಶ್ನೆಗಳೇ ಬೇರೆ. ಕ್ಯಾಮೆರಾಗೆ ಕರೆಂಟು ಎಲ್ಲಿಂದ ಬರತ್ತೆ? ಅದು ಹಿಡಿದ ದೃಶ್ಯ ಎಲ್ಲಿಗೆ ಹೋಗತ್ತೆ? ನೋಡುವ, ಅಳಿಸುವ, ಆಫ್ ಮಾಡುವ ಅಧಿಕಾರ ಯಾರ ಕೈಯಲ್ಲಿರತ್ತೆ? ಈ ಮೂರಕ್ಕೂ ಉತ್ತರ ಬಹುಮಟ್ಟಿಗೆ ನಿರ್ಧಾರವಾಗೋದು ಗೋಡೆಗೆ ಕೇಬಲ್ ಎಳೆಯುವ ದಿನವೇ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಪ್ರಶ್ನೆಗಳಿಗೆ ತೂಕ ಜಾಸ್ತಿ. 1986ರಲ್ಲಿ ಬೆಂಗಳೂರು ಜಿಲ್ಲೆಯಿಂದ ಬೇರೆಯಾದ ಇಲ್ಲಿ ಈಗ ಉಳಿದಿರುವುದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಹೊಸಕೋಟೆ, ನೆಲಮಂಗಲದ ಹೆದ್ದಾರಿಗಳ ಪಕ್ಕ ಗೋದಾಮುಗಳು ಎದ್ದವು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಗಳ ಜೊತೆಗೆ ಗಾರ್ಮೆಂಟ್ಸ್ ಕೆಲಸದವರ ಬಾಡಿಗೆ ರೂಮುಗಳು ಸಾಲುಗಟ್ಟಿದವು. ಒಂದು ಕಡೆ ಊರಿಂದ ದೂರ ಒಂಟಿಯಾಗಿ ನಿಂತ ತೋಟದ ಮನೆ, ಇನ್ನೊಂದು ಕಡೆ ಒಂದೇ ಕಾರಿಡಾರಿನಲ್ಲಿ ಹತ್ತು ಬಾಗಿಲು. ತೋಟದ ಮನೆಯವರಿಗೆ ಬೋರ್‌ವೆಲ್ ಕೇಬಲ್ ಕಳುವಿನ ಭಯ. ಕಾರಿಡಾರಿನ ಮನೆಯವರಿಗೆ ತಾವು ಬಂದು ಹೋಗೋದನ್ನೆಲ್ಲ ಯಾರೋ ಮೊಬೈಲಿನಲ್ಲಿ ನೋಡ್ತಿದ್ದಾರೆ ಅನ್ನೋ ಕಸಿವಿಸಿ. ಎರಡೂ ಕಡೆ ಇರೋದು ಅದೇ ಡಬ್ಬಿ ಕ್ಯಾಮೆರಾ.

ಏನಿದು ಪಿಒಇ?

ಪವರ್ ಓವರ್ ಈಥರ್ನೆಟ್ ಅನ್ನೋದರ ಚುಟುಕು ರೂಪ ಪಿಒಇ. ಕಂಪ್ಯೂಟರ್‌ಗೆ ಇಂಟರ್ನೆಟ್ ಕೊಡುವ ಅದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಚಿತ್ರದ ಜೊತೆಗೆ ಕರೆಂಟನ್ನೂ ಕಳಿಸುವ ವಿಧಾನ. ಕ್ಯಾಮೆರಾ ಇರುವ ಜಾಗದಲ್ಲಿ ಪ್ಲಗ್ ಪಾಯಿಂಟು, ಅಡಾಪ್ಟರು ಯಾವುದೂ ಬೇಡ. ಒಂದೇ ಕೇಬಲ್ ಒಳಗಿರುವ ಸ್ವಿಚ್‌ಗೋ ರೆಕಾರ್ಡರ್‌ಗೋ ಬಂದು ಸೇರತ್ತೆ.

ಈ ಐಡಿಯಾ ಹೊಸದಲ್ಲ. ಹಳೇ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ನೆನಪಿಸಿಕೊಳ್ಳಿ. ಊರಿಗೆ ಊರೇ ಕತ್ತಲಾದರೂ ಫೋನ್ ನಡೀತಿತ್ತು. ಕಾರಣ, ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಡಿಸಿ ಕರೆಂಟು ಮಾತಿನ ತಂತಿಯಲ್ಲೇ ಮನೆಗೆ ಬರ್ತಿತ್ತು. ಕಚೇರಿಗಳಿಗೆ ಇಂಟರ್ನೆಟ್ ಫೋನ್ ಬಂದಾಗ ಎಂಜಿನಿಯರುಗಳು ಅದೇ ಉಪಾಯವನ್ನು ನೆಟ್‌ವರ್ಕ್ ಕೇಬಲ್‌ಗೆ ತಂದರು. 2003ರಲ್ಲಿ ಅದಕ್ಕೆ ಐಇಇಇ ಸಂಸ್ಥೆಯ ಅಧಿಕೃತ ಸ್ಟ್ಯಾಂಡರ್ಡ್ ಆಯ್ತು. ಫೋನಿಗಾಗಿ ಹುಟ್ಟಿದ್ದು ಕ್ಯಾಮೆರಾಗೆ ಹೇಳಿ ಮಾಡಿಸಿದಂತೆ ಹೊಂದಿಕೊಂಡಿತು.

ಇದಕ್ಕೆ ಪರ್ಯಾಯ ಎರಡು. ಮೊದಲನೆಯದು ಹಳೇ ಪದ್ಧತಿ. '3+1' ಅಂತ ಕರೆಯುವ ಕೇಬಲ್‌ನಲ್ಲಿ ಚಿತ್ರಕ್ಕೊಂದು ದಾರಿ, ಕರೆಂಟಿಗೆ ಬೇರೆ ಎಳೆಗಳು, ಕೊನೆಯಲ್ಲಿ ಡಿವಿಆರ್ ಮತ್ತು 12 ವೋಲ್ಟ್ ಸಪ್ಲೈ. ಎರಡನೆಯದು ವೈಫೈ ಕ್ಯಾಮೆರಾ. ಹೆಸರಿಗೆ ವೈರ್‌ಲೆಸ್, ಆದರೆ ಬ್ಯಾಟರಿಯದ್ದಲ್ಲದಿದ್ದರೆ ಕರೆಂಟಿನ ವೈರು ಬೇಕೇ ಬೇಕು. ರೂಟರ್ ಆಫ್ ಆದರೆ ಲೈವ್ ನೋಡಲಾಗಲ್ಲ. ಅಷ್ಟೇ ಅಲ್ಲ, ಅಗ್ಗದ ವೈಫೈ ಕ್ಯಾಮೆರಾಗಳು ಸಾಮಾನ್ಯವಾಗಿ ಕಂಪನಿಯ ಆ್ಯಪ್ ಮತ್ತು ಸರ್ವರ್ ಮೂಲಕವೇ ನಡೆಯುತ್ತವೆ.

12 ವೋಲ್ಟಾ, 48 ವೋಲ್ಟಾ? ಒಂದು ಸಣ್ಣ ಲೆಕ್ಕ

'ಅದೇ ನೆಟ್‌ವರ್ಕ್ ಕೇಬಲ್‌ನಲ್ಲಿ 12 ವೋಲ್ಟ್ ಕೊಟ್ರೆ ಆಯ್ತಲ್ಲ, ಪಿಒಇ ಸ್ವಿಚ್‌ಗೆ ಯಾಕೆ ದುಡ್ಡು?' ಅಂತ ಕೇಳೋರಿದ್ದಾರೆ. ಹೈಸ್ಕೂಲಿನ ಓಮ್ ನಿಯಮ ಸಾಕು, ಉತ್ತರ ಸಿಗತ್ತೆ.

ನೆಟ್‌ವರ್ಕ್ ಕೇಬಲ್‌ನ ಒಂದು ತಾಮ್ರದ ಎಳೆಗೆ 100 ಮೀಟರ್‌ಗೆ ಸುಮಾರು 9 ಓಮ್ ರೋಧ. ಗೇಟಿನ ಕ್ಯಾಮೆರಾ 50 ಮೀಟರ್ ದೂರ ಇದೆ ಅಂದುಕೊಳ್ಳಿ. ಕರೆಂಟು ಹೋಗಲು ಎರಡು ಎಳೆ, ವಾಪಸ್ ಬರಲು ಎರಡು ಎಳೆ ಕೂಡಿಸಿದರೂ ಒಟ್ಟು ರೋಧ ಸುಮಾರು 4.5 ಓಮ್. ರಾತ್ರಿ ಇನ್‌ಫ್ರಾರೆಡ್ ದೀಪ ಹತ್ತಿದಾಗ ಕ್ಯಾಮೆರಾ 6 ವ್ಯಾಟ್ ಎಳೆಯತ್ತೆ ಅಂತಿಟ್ಟುಕೊಳ್ಳೋಣ.

12 ವೋಲ್ಟ್‌ನಲ್ಲಿ 6 ವ್ಯಾಟ್ ಅಂದ್ರೆ ಅರ್ಧ ಆಂಪಿಯರ್. ದಾರಿಯಲ್ಲೇ 2.25 ವೋಲ್ಟ್ ಖರ್ಚು, ಕ್ಯಾಮೆರಾ ತಲುಪೋದು 9.75 ವೋಲ್ಟ್. 48 ವೋಲ್ಟ್‌ನಲ್ಲಿ ಅದೇ 6 ವ್ಯಾಟ್‌ಗೆ 0.125 ಆಂಪಿಯರ್ ಸಾಕು. ದಾರಿಯಲ್ಲಿ ಹೋಗೋದು ಬರೀ 0.56 ವೋಲ್ಟ್. ಕೇಬಲ್‌ನಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿಯಂತೂ 16 ಪಟ್ಟು ಕಡಿಮೆ. ಊರಿಂದೂರಿಗೆ ಕರೆಂಟು ಸಾಗಿಸಲು ಹೈಟೆನ್ಷನ್ ಲೈನ್ ಎಳೆಯುವುದರ ಹಿಂದಿರುವುದೂ ಇದೇ ಲೆಕ್ಕ.

'ಹಗಲೆಲ್ಲ ಚೆನ್ನಾಗಿರತ್ತೆ, ಸಂಜೆ ಆದ್ರೆ ಕ್ಯಾಮೆರಾ ಆಫ್ ಆಗಿ ಆನ್ ಆಗತ್ತೆ' ಅನ್ನೋ ದೂರಿಗೆ ಬಹಳ ಸಲ ಇದೇ ಕಾರಣ. ಕತ್ತಲಾದ ಕೂಡಲೇ ದೀಪ ಹತ್ತತ್ತೆ, ಕರೆಂಟು ಜಾಸ್ತಿ ಬೇಕಾಗತ್ತೆ, ವೋಲ್ಟೇಜ್ ಕುಸಿಯತ್ತೆ, ಕ್ಯಾಮೆರಾ ರೀಸ್ಟಾರ್ಟ್ ಆಗತ್ತೆ. ಕ್ಯಾಮೆರಾ ಬದಲಾಯಿಸಿದರೆ ಇದು ಸರಿಹೋಗಲ್ಲ.

ಗುರುತು ಕೇಳಿ ಬಾಗಿಲು ತೆಗೆಯುವ ಸ್ವಿಚ್

ಅಸಲಿ ಪಿಒಇ ಸ್ವಿಚ್ ಏಕಾಏಕಿ 48 ವೋಲ್ಟ್ ಬಿಡಲ್ಲ. ಮೊದಲು 10 ವೋಲ್ಟ್ ಆಸುಪಾಸಿನ ಸಣ್ಣ ಒತ್ತಡ ಕೊಟ್ಟು ಆ ಕಡೆ ಯಾರಿದ್ದಾರೆ ಅಂತ ನೋಡತ್ತೆ. ಸುಮಾರು 25 ಕಿಲೋಓಮ್ ರೋಧ ಕಂಡರೆ ಮಾತ್ರ 'ಇದು ಪಿಒಇ ಸಾಧನ' ಅಂತ ಖಾತ್ರಿ ಮಾಡಿಕೊಂಡು ಪೂರ್ತಿ ಕರೆಂಟು ಕೊಡತ್ತೆ. ಅದಕ್ಕೇ ತಪ್ಪಿ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಸುಡಲ್ಲ.

ಸ್ಟ್ಯಾಂಡರ್ಡ್‌ಗಳು ಮುಖ್ಯವಾಗಿ ಮೂರು:

• 802.3ಎಎಫ್ (2003): ಸ್ವಿಚ್ ಕೊಡೋದು 15.4 ವ್ಯಾಟ್, ಸಾಧನಕ್ಕೆ ಖಾತ್ರಿಯಾಗಿ ಸಿಗೋದು 12.95 ವ್ಯಾಟ್. ಮಧ್ಯದ ವ್ಯತ್ಯಾಸ ಉದ್ದದ ಕೇಬಲ್‌ನ ಸವಕಳಿಗೆ ಮೀಸಲು. ಮನೆಯ ಸಾಮಾನ್ಯ ಬುಲೆಟ್, ಡೋಮ್ ಕ್ಯಾಮೆರಾಗೆ ಇದು ಧಾರಾಳ.

• 802.3ಎಟಿ (2009): 30 ವ್ಯಾಟ್, ಸಾಧನಕ್ಕೆ 25.5. ತಿರುಗುವ, ಜೂಮ್ ಆಗುವ ಪಿಟಿಝಡ್ ಕ್ಯಾಮೆರಾಗಳಿಗೆ.

• 802.3ಬಿಟಿ (2018): ಇನ್ನೂ ಹೆಚ್ಚಿನ ಶಕ್ತಿ, ನಾಲ್ಕೂ ಜೋಡಿ ಎಳೆ ಬಳಸತ್ತೆ. ಮನೆಗೆ ಇದರ ಅಗತ್ಯ ಬೀಳೋದು ಅಪರೂಪ.

ಮಾರ್ಕೆಟ್‌ನಲ್ಲಿ 'ಪಿಒಇ' ಅಂತಲೇ ಮಾರುವ ಇನ್ನೊಂದು ಜಾತಿ ಇದೆ, ಪ್ಯಾಸಿವ್ ಪಿಒಇ. 12, 24 ಅಥವಾ 48 ವೋಲ್ಟನ್ನು ಗುರುತು ಕೇಳದೆ ನೇರ ಕೇಬಲ್‌ಗೆ ಬಿಡುವ ಇಂಜೆಕ್ಟರ್. ವೋಲ್ಟೇಜ್ ಹೊಂದದ ಸಾಧನ ಸಿಕ್ಕಿಸಿದರೆ ಸುಟ್ಟೇ ಹೋಗಬಹುದು. ಡಬ್ಬಿಯ ಮೇಲೆ '802.3ಎಎಫ್' ಅಥವಾ 'ಎಟಿ' ಅಂತ ಬರೆದಿದೆಯೇ ನೋಡಿ. ಬರೆದಿಲ್ಲ ಅಂದ್ರೆ ಬೇಡ.

ಇನ್ನೊಂದು ಮಾತು. 8 ಪೋರ್ಟಿನ ಸ್ವಿಚ್ ಅಂದ ಮಾತ್ರಕ್ಕೆ ಎಂಟಕ್ಕೂ 15.4 ವ್ಯಾಟ್ ಸಿಗಲ್ಲ. ಪ್ರತಿ ಸ್ವಿಚ್‌ಗೂ ಒಟ್ಟು ಪವರ್ ಬಜೆಟ್ ಅಂತ ಇರತ್ತೆ. 60 ವ್ಯಾಟ್ ಬಜೆಟ್ಟಿನಲ್ಲಿ 7 ವ್ಯಾಟ್‌ನ ಆರು ಕ್ಯಾಮೆರಾ ಆರಾಮಾಗಿ ನಡೆಯುತ್ತವೆ. ಅದಕ್ಕೇ ಎರಡು ಪಿಟಿಝಡ್ ಸೇರಿಸಿದರೆ ಉಸಿರು ಕಟ್ಟತ್ತೆ.

ಕೇಬಲ್: ಮೋಸ ಇರೋದು ಇಲ್ಲೇ

ಬಿಲ್ಲಿನಲ್ಲಿ 'ಕ್ಯಾಟ್ 6' ಅಂತ ಇದ್ದರೆ ಸಾಲದು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಕೇಬಲ್, ಅಂಗಡಿ ಭಾಷೆಯಲ್ಲಿ 'ಸಿಸಿಎ', ಅದೇ ಬಣ್ಣದ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಸಿಗತ್ತೆ. ಅಲ್ಯೂಮಿನಿಯಂ ಕರೆಂಟು ಹರಿಸುವ ಸಾಮರ್ಥ್ಯ ತಾಮ್ರದ ಸುಮಾರು ಶೇ 61 ಮಾತ್ರ. ಹಾಗಾಗಿ ರೋಧ ಒಂದೂವರೆ ಪಟ್ಟಿನಷ್ಟಾಗತ್ತೆ, ಮೇಲಿನ ಲೆಕ್ಕವೆಲ್ಲ ಅಷ್ಟೇ ಕೆಡತ್ತೆ. ಬಗ್ಗಿಸಿದರೆ ಬೇಗ ಮುರಿಯತ್ತೆ, ಕನೆಕ್ಟರ್ ಬಳಿ ತುಕ್ಕು ಹಿಡಿದು ಸಡಿಲ ಆಗತ್ತೆ. ನೆಟ್‌ವರ್ಕ್ ಕೇಬಲ್‌ನ ಅಂತಾರಾಷ್ಟ್ರೀಯ ಮಾನದಂಡಗಳು ಇದನ್ನು ಒಪ್ಪೋದೇ ಇಲ್ಲ.

ಗುರುತಿಸೋದು ಸುಲಭ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಿ ಬಣ್ಣ ಕಂಡರೆ ಅಲ್ಯೂಮಿನಿಯಂ. 305 ಮೀಟರಿನ ಪೂರ್ತಿ ಬಾಕ್ಸ್ ಕೈಗೆತ್ತಿಕೊಂಡರೆ ತೂಕವೇ ಹೇಳತ್ತೆ, ಸಿಸಿಎ ಹಗುರ.

ಮನೆ ಕ್ಯಾಮೆರಾಗೆ ಒಳ್ಳೆ ತಾಮ್ರದ ಕ್ಯಾಟ್ 5ಇ ಸಾಕು. ಕ್ಯಾಟ್ 6 ಸಿಕ್ಕರೆ ಒಳ್ಳೇದೇ. ಸಿಸಿಎ ಕ್ಯಾಟ್ 6ಗಿಂತ ತಾಮ್ರದ ಕ್ಯಾಟ್ 5ಇ ಎಷ್ಟೋ ಮೇಲು. ಬಿಸಿಲಿಗೆ ಬೀಳುವ ಕಡೆ ಕಪ್ಪು ಹೊದಿಕೆಯ ಹೊರಾಂಗಣ ಕೇಬಲ್ ಬೇಕು. ಒಳಾಂಗಣದ ಕೇಬಲ್ ಬಿಸಿಲಲ್ಲಿ ಕೆಲವೇ ವರ್ಷದಲ್ಲಿ ಸಿಪ್ಪೆ ಸುಲಿಯತ್ತೆ. ಮಣ್ಣಿನಡಿ ಹೋಗೋದಾದರೆ ಜೆಲ್ ತುಂಬಿದ ಕೇಬಲ್, ಅದರ ಮೇಲೊಂದು ಪೈಪು. ಇಲಿ, ಅಳಿಲಿಗೂ ಪೈಪೇ ಮದ್ದು.

ಎಳೆಯುವಾಗ ನೆನಪಿಡಬೇಕಾದ್ದು

ಬಣ್ಣದ ಕ್ರಮ. ನಮ್ಮಲ್ಲಿ ಸಾಮಾನ್ಯವಾಗಿ ಬಳಸೋದು ಟಿ568ಬಿ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ ಇರಲಿ. 'ಎರಡೂ ಕಡೆ ಒಂದೇ ಥರ ಇದ್ರೆ ಸಾಕು, ಯಾವ ಬಣ್ಣ ಆದ್ರೇನು' ಅನ್ನೋದು ತಪ್ಪು. ಎಳೆಗಳನ್ನು ಜೋಡಿ ಜೋಡಿಯಾಗಿ ಹೊಸೆದಿರೋದು ಸುತ್ತಲಿನ ಗದ್ದಲ ತಡೆಯೋಕೆ. ಜೋಡಿ ಒಡೆದರೆ 5 ಮೀಟರ್‌ನಲ್ಲಿ ನಡೆದದ್ದು 60 ಮೀಟರ್‌ನಲ್ಲಿ ಕೈಕೊಡತ್ತೆ. ಕೆಲವು ಸ್ವಿಚ್‌ಗಳು ಕರೆಂಟನ್ನು 4, 5, 7, 8ನೇ ಎಳೆಗಳಲ್ಲಿ ಕಳಿಸುತ್ತವೆ. ಹಾಗಾಗಿ ನಾಲ್ಕೇ ಎಳೆ ಕ್ರಿಂಪ್ ಮಾಡಿ ಮುಗಿಸುವ ಉಳಿತಾಯವೂ ಬೇಡ.

ದೂರ. ಒಂದು ಎಳೆತ 100 ಮೀಟರ್ ದಾಟಬಾರದು. ಸಿಸಿಟಿವಿಗೆಂದೇ ಮಾಡಿದ ಕೆಲವು ಸ್ವಿಚ್‌ಗಳಲ್ಲಿ ವೇಗವನ್ನು 10 ಎಂಬಿಪಿಎಸ್‌ಗೆ ಇಳಿಸಿ 250 ಮೀಟರ್‌ವರೆಗೆ ತಲುಪಿಸುವ 'ಎಕ್ಸ್‌ಟೆಂಡ್' ಮೋಡ್ ಇರತ್ತೆ. ಒಂದು ಕ್ಯಾಮೆರಾಗೆ ಆ ವೇಗ ಸಾಲತ್ತೆ, ಆದರೆ ಕೇಬಲ್ ಅಪ್ಪಟ ತಾಮ್ರದ್ದೇ ಆಗಿರಬೇಕು.

ಕರೆಂಟಿನ ವೈರಿನ ಜೊತೆ ಬೇಡ. 230 ವೋಲ್ಟ್ ವೈರು ಹೋಗುವ ಪೈಪಿನಲ್ಲೇ ನೆಟ್‌ವರ್ಕ್ ಕೇಬಲ್ ತೂರಿಸಬೇಡಿ. ಎಲ್ಲೋ ಇನ್ಸುಲೇಷನ್ ಕಿತ್ತರೆ ಮೇನ್ ಕರೆಂಟು ನೇರ ಕ್ಯಾಮೆರಾಗೆ, ರೆಕಾರ್ಡರ್‌ಗೆ, ಅದನ್ನು ಮುಟ್ಟಿದವರಿಗೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಇನ್ನೊಂದು ಕಾರಣವೂ ಇದೆ. ಮೋಟರು ಶುರುವಾಗಿ ನಿಲ್ಲುವಾಗ ಆಗುವ ವಿದ್ಯುತ್ ಗದ್ದಲ ಪಕ್ಕದ ಕೇಬಲ್‌ಗೆ ತಟ್ಟತ್ತೆ. ಮಗ್ಗದ ವೈರಿಂಗಿಂದ ಒಂದಡಿ ದೂರ ಇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಪಕ್ಕಪಕ್ಕ ಓಡಿಸಬೇಡಿ.

ನೀರು. ಕ್ಯಾಮೆರಾ ಹಿಂದಿನ ಕನೆಕ್ಟರ್ ಬಯಲಲ್ಲಿ ನೇತಾಡಬಾರದು, ಜಂಕ್ಷನ್ ಬಾಕ್ಸ್ ಒಳಗಿರಬೇಕು. ಕೇಬಲ್ ಬಾಕ್ಸ್ ಸೇರುವ ಮುಂಚೆ ಕೆಳಗೆ ಒಂದು ಬಳುಕು ಕೊಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ. ಸಜ್ಜೆಯ ಕೆಳಗೆ ಜಾಗ ಸಿಕ್ಕರೆ ಇನ್ನೂ ಒಳ್ಳೇದು.

ಸಿಡಿಲು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಬಯಲಿನ ಕಂಬದ ಕ್ಯಾಮೆರಾ ಸುಡೋದು ನೇರ ಸಿಡಿಲಿನಿಂದಲೇ ಆಗಬೇಕಿಲ್ಲ. ಹತ್ತಿರ ಬಿದ್ದ ಸಿಡಿಲು ಕೇಬಲ್‌ನಲ್ಲಿ ಎಬ್ಬಿಸುವ ಅಲೆಯೇ ಸಾಕು. ಕ್ಯಾಮೆರಾ ಮತ್ತು ಸ್ವಿಚ್ ಎರಡೂ ತುದಿಗೆ ಈಥರ್ನೆಟ್ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದನ್ನು ಸರಿಯಾದ ಅರ್ತಿಂಗ್‌ಗೆ ಜೋಡಿಸಿ. ಅರ್ತಿಂಗ್ ಇಲ್ಲದ ಪ್ರೊಟೆಕ್ಟರ್ ಬರೀ ಅಲಂಕಾರ. ಮನೆಯಿಂದ ದೂರದ ಪಂಪ್‌ಹೌಸಿಗೋ ಕೊಟ್ಟಿಗೆಗೋ ಹೋಗುವಾಗ ಫೈಬರ್ ಎಳೆಯೋದು ಜಾಣತನ. ಗಾಜಿನ ಎಳೆಯಲ್ಲಿ ಕರೆಂಟು ಹರಿಯಲ್ಲ, ಹಾಗಾಗಿ ಅಲ್ಲಿ ಬಡಿದ ಸಿಡಿಲು ಆ ದಾರಿಯಲ್ಲಿ ಮನೆಯ ರೆಕಾರ್ಡರ್‌ವರೆಗೆ ಬರಲ್ಲ. 100 ಮೀಟರಿನ ಮಿತಿಯೂ ತಪ್ಪತ್ತೆ. ಆದರೆ ಫೈಬರ್ ಕರೆಂಟು ಒಯ್ಯಲ್ಲವಾದ್ದರಿಂದ ಆ ತುದಿಯಲ್ಲಿ ಬೇರೆ ಸಪ್ಲೈ ಮತ್ತು ಸಣ್ಣ ಪಿಒಇ ಸ್ವಿಚ್ ಇಡಬೇಕು.

ಕರೆಂಟು ಹೋದಾಗ, ಮತ್ತು ಗೃಹಜ್ಯೋತಿಯ ಲೆಕ್ಕ

ಮನೆಯ ಮೀಟರ್ ಬೋರ್ಡು ಹೊರಗೋಡೆಯಲ್ಲಿರತ್ತೆ. ಕಳ್ಳನಿಗೆ ಮೇನ್ ಇಳಿಸೋದು ಒಂದು ಸೆಕೆಂಡಿನ ಕೆಲಸ. ಕ್ಯಾಮೆರಾಗಳು ಅಲ್ಲಲ್ಲಿನ ಪ್ಲಗ್‌ಗೆ ನೇತಾಡುತ್ತಿದ್ದರೆ ಒಂದೊಂದಕ್ಕೂ ಬೇರೆ ಬ್ಯಾಕಪ್ ಬೇಕು. ಪಿಒಇಯಲ್ಲಿ ಸ್ವಿಚ್ ಮತ್ತು ರೆಕಾರ್ಡರ್ ಎರಡಕ್ಕೆ ಇನ್ವರ್ಟರ್ ಕೊಟ್ಟರೆ ಎಲ್ಲಾ ಕ್ಯಾಮೆರಾ ಉಳಿಯುತ್ತವೆ. ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜಿನ ಬ್ಯಾಟರಿ ಮಾಡಿದ ಕೆಲಸವನ್ನೇ ಇಲ್ಲಿ ನಿಮ್ಮ ಇನ್ವರ್ಟರ್ ಮಾಡತ್ತೆ.

ನಾಲ್ಕು ಕ್ಯಾಮೆರಾ ತಲಾ 5 ವ್ಯಾಟ್, ರೆಕಾರ್ಡರು, ಹಾರ್ಡ್‌ಡಿಸ್ಕು, ಸ್ವಿಚ್ ಸೇರಿ 20 ವ್ಯಾಟ್. ಒಟ್ಟು ಸುಮಾರು 40. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್ ಅವರ್ ಇದ್ದರೂ ಕೈಗೆ ಸಿಗೋದು ಅದರ ಮೂರನೇ ಎರಡು ಭಾಗ ಅಂದುಕೊಳ್ಳಿ. ಬೇರೆ ಲೋಡ್ ಇಲ್ಲದಿದ್ದರೆ ಒಂದು ದಿನ ದಾಟತ್ತೆ. ಇನ್ವರ್ಟರ್‌ನ ಸ್ವಿಚ್ 'ಯುಪಿಎಸ್' ಮೋಡ್‌ನಲ್ಲಿರಲಿ. ಇಲ್ಲದಿದ್ದರೆ ಕರೆಂಟು ಹೋದ ಗಳಿಗೆಯಲ್ಲಿ ಎಲ್ಲವೂ ರೀಸ್ಟಾರ್ಟ್ ಆಗಿ, ಬೇಕಾದ ಆ ಒಂದೆರಡು ನಿಮಿಷವೇ ರೆಕಾರ್ಡ್ ಆಗದೆ ಹೋಗಬಹುದು. ತೋಟದ ಮನೆ ಪಂಪ್‌ಸೆಟ್ ಫೀಡರಿನ ಮೇಲಿದ್ದರೆ ಮೂರು ಫೇಸ್ ಕರೆಂಟು ಸಿಗೋದೇ ದಿನಕ್ಕೆ 7 ಗಂಟೆ ಅನ್ನೋದು ಸರ್ಕಾರದ್ದೇ ಲೆಕ್ಕ. ಅಲ್ಲಿ ಬ್ಯಾಟರಿಯೋ ಸೋಲಾರೋ ಅನಿವಾರ್ಯ.

ಬಿಲ್ಲಿನ ಕಡೆ ಬರೋಣ. 40 ವ್ಯಾಟ್ ದಿನದ 24 ಗಂಟೆ ನಡೆದರೆ ದಿನಕ್ಕೆ ಹೆಚ್ಚು ಕಡಿಮೆ ಒಂದು ಯೂನಿಟ್, ತಿಂಗಳಿಗೆ ಸುಮಾರು 29. ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಅನ್ನೋದು ಮೇಲ್ಮಿತಿ ಮಾತ್ರ. ಪ್ರತಿ ಮನೆಯ ಪಾಲು 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ನಿಗದಿಯಾಗಿದೆ. (ಸರಾಸರಿ 48 ಯೂನಿಟ್‌ವರೆಗೆ ಇದ್ದವರಿಗೆ 2024ರಿಂದ ಶೇ 10ರ ಬದಲು 10 ಯೂನಿಟ್.) ಸರಾಸರಿ 60 ಇದ್ದ ಮನೆಗೆ ಸಿಗೋದು 66. ಕ್ಯಾಮೆರಾ ಸೇರಿದರೆ ಬಳಕೆ 89ಕ್ಕೆ ಏರತ್ತೆ, ಮೇಲಿನ 23 ಯೂನಿಟ್‌ಗೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲೇ ನಿಮ್ಮ ತಲೆಗೆ. ಕ್ಯಾಮೆರಾ ಹಾಕಿಸಿದ ಮೇಲೆ ಬೆಸ್ಕಾಂ ಬಿಲ್ಲು ಯಾಕೆ ಬಂತು ಅಂತ ಗಾಬರಿಯಾಗುವ ಮುನ್ನ ಈ ಲೆಕ್ಕ ಹಾಕಿ. ಬೇಡದ ಐದನೇ ಕ್ಯಾಮೆರಾ ಬಿಡೋಕೂ ಇದು ಒಳ್ಳೆ ಕಾರಣ.

ದೃಶ್ಯ ಎಲ್ಲಿ ಕೂರತ್ತೆ?

ಐಪಿ ಕ್ಯಾಮೆರಾಗಳ ದೃಶ್ಯ ಸೇರೋದು ಎನ್‌ವಿಆರ್ ಎಂಬ ರೆಕಾರ್ಡರ್‌ಗೆ. 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಎಚ್.265 ವಿಧಾನದಲ್ಲಿ 2 ಎಂಬಿಪಿಎಸ್‌ಗೆ ಇಟ್ಟರೆ ದಿನಕ್ಕೆ 21.6 ಜಿಬಿ. ನಾಲ್ಕಕ್ಕೆ ಸುಮಾರು 86 ಜಿಬಿ. 1 ಟಿಬಿ ಡಿಸ್ಕಿನಲ್ಲಿ ಹನ್ನೊಂದು ದಿನ ನಿಲ್ಲತ್ತೆ. ತಿಂಗಳು ಬೇಕು ಅಂದ್ರೆ 3 ಟಿಬಿ ಹತ್ತಿರ. ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಮಾಡಿದರೆ ಇನ್ನೂ ಹೆಚ್ಚು ದಿನ.

ಪಿಒಇ ಪೋರ್ಟುಗಳು ಹಿಂದುಗಡೆಯೇ ಇರುವ ಎನ್‌ವಿಆರ್ ಕೊಂಡರೆ ಒಂದು ದೊಡ್ಡ ಅನುಕೂಲ. ಕ್ಯಾಮೆರಾಗಳು ಆ ಡಬ್ಬಿಯ ಒಳಗಿನ ಪ್ರತ್ಯೇಕ ನೆಟ್‌ವರ್ಕಿನಲ್ಲಿರುತ್ತವೆ, ಮನೆಯ ರೂಟರ್ ಮೂಲಕ ತಾವೇ ನೇರ ಹೊರಗೆ ಹೋಗಲ್ಲ. ಎನ್‌ವಿಆರ್‌ಗೆ ಇಂಟರ್ನೆಟ್ ಕೊಡಬೇಕಾ ಬೇಡವಾ ಅನ್ನೋದು ನಿಮ್ಮ ತೀರ್ಮಾನ. ಕೊಡದಿದ್ದರೂ ರೆಕಾರ್ಡಿಂಗ್ ನಿಲ್ಲಲ್ಲ. ಎನ್‌ವಿಆರ್ ಮಾತ್ರ ಬಾಗಿಲ ಎದುರಿನ ಟಿವಿ ಕೆಳಗಿಡದೆ ಬೀಗದ ಅಲ್ಮೇರಾದಲ್ಲಿಡಿ. ಗಾಳಿ ಆಡಲಿ. ಕಳ್ಳ ಡಬ್ಬಿಯನ್ನೇ ಹೊತ್ತೊಯ್ದರೆ ಎಲ್ಲ ವ್ಯರ್ಥ.

ಪಾಸ್‌ವರ್ಡ್ ರಾಜಕೀಯ

2016ರ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ತತ್ತರಿಸಿದವು. ದಾಳಿ ನಡೆಸಿದ್ದು 'ಮಿರಾಯ್' ಎಂಬ ಮಾಲ್‌ವೇರ್ ಒಳಹೊಕ್ಕಿದ್ದ ಮನೆ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ದಂಡು. ಒಳಹೊಕ್ಕ ದಾರಿ ಸರಳ: ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಟೆಲಿಗ್ರಾಮ್‌ನಲ್ಲಿ ಮಾರಾಟಕ್ಕೆ ಬಂದವು. ಪರೀಕ್ಷೆಗೆ ಬಂದ ಹೆಣ್ಣುಮಕ್ಕಳ ದೇಹ ಸರಕಾಯಿತು.

ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯ 2024ರ ಏಪ್ರಿಲ್ 9ರಂದು ಅಧಿಸೂಚನೆ ಹೊರಡಿಸಿ, ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆ ಕಡ್ಡಾಯ ಮಾಡಿತು. ಒಂದು ವರ್ಷದ ನಂತರ ಅದು ಜಾರಿಯಾಯ್ತು. ಹಾಗಾಗಿ ಕೊಳ್ಳುವಾಗ ಬಿಐಎಸ್ ನೋಂದಣಿ ಸಂಖ್ಯೆ ಕೇಳಿ. ಗೋದಾಮಿನಲ್ಲಿ ಉಳಿದ ಹಳೇ ಸ್ಟಾಕನ್ನು 'ಆಫರ್' ಅಂತ ತಳ್ಳುವವರಿದ್ದಾರೆ.

ಆದರೆ ಯಾವ ಸರ್ಟಿಫಿಕೇಟೂ ಕಾಯದ ಒಂದು ಕಿಂಡಿ ಇದೆ. ಇನ್‌ಸ್ಟಾಲ್ ಮಾಡಲು ಬಂದ ಹುಡುಗ ತನ್ನ ಮೊಬೈಲಿನಲ್ಲೇ ಆ್ಯಪ್ ಹಾಕಿ, ತನ್ನ ನಂಬರಿನಲ್ಲೇ ಖಾತೆ ತೆರೆದು, 'ಆಯ್ತು ಅಣ್ಣ, ನಿಮಗೂ ಶೇರ್ ಮಾಡಿದೀನಿ' ಅಂತ ಹೇಳಿ ಹೋಗೋದು. ಆಗ ಮನೆಯ ಒಡೆತನ ನಿಮ್ಮದು, ಕ್ಯಾಮೆರಾದ ಒಡೆತನ ಅವನದು. ಅವನು ಕೆಟ್ಟವನು ಅಂತಲ್ಲ. ಅವನ ಫೋನ್ ಕಳೆದುಹೋದರೂ, ಅವನು ಕೆಲಸ ಬಿಟ್ಟರೂ ನಿಮ್ಮ ಅಂಗಳ ತೆರೆದೇ ಇರತ್ತೆ. ಅಡ್ಮಿನ್ ಖಾತೆ ನಿಮ್ಮ ನಂಬರಿನಲ್ಲಿ, ಪಾಸ್‌ವರ್ಡ್ ನಿಮ್ಮ ಕೈಯಿಂದ, ಅವನ ಎದುರೇ ಹಾಕಿ.

ಕ್ಯಾಮೆರಾ ಯಾರತ್ತ ತಿರುಗಿದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣಕ್ಕೆ ಹೆಸರು ಬಂದಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಆ ಹಕ್ಕು ಮನೆ ಕ್ಯಾಮೆರಾದ ಎದುರು ಹೇಗೆ ನಿಲ್ಲತ್ತೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬರು ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ದತ್ತಾಂಶಕ್ಕೆ ವಿನಾಯಿತಿ ಕೊಡತ್ತೆ. ಯುರೋಪಿನಲ್ಲೂ ಇಂಥ ವಿನಾಯಿತಿ ಇತ್ತು. ಆದರೆ ಜೆಕ್ ಗಣರಾಜ್ಯದ ಪ್ರಕರಣವೊಂದರಲ್ಲಿ ಯುರೋಪಿನ ಉನ್ನತ ನ್ಯಾಯಾಲಯ 2014ರ ಡಿಸೆಂಬರ್‌ನಲ್ಲಿ ಗೆರೆ ಎಳೆಯಿತು: ಮನೆ ಕ್ಯಾಮೆರಾ ಸಾರ್ವಜನಿಕ ಬೀದಿಯನ್ನೂ ಹಿಡಿದರೆ ಅದು 'ಬರೀ ಮನೆಯ ವಿಷಯ' ಆಗಿ ಉಳಿಯಲ್ಲ. ನಮ್ಮ ಕಾಯ್ದೆಯಲ್ಲಿ ಆ ಗೆರೆ ಬರೆದಿಲ್ಲ. ಬರೆದಿಲ್ಲ ಅಂತ ಎದುರು ಮನೆಯ ಬಚ್ಚಲ ಕಿಟಕಿಯತ್ತ ಕ್ಯಾಮೆರಾ ತಿರುಗಿಸೋ ಹಾಗಿಲ್ಲ. ಮಹಿಳೆಯ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77ರಡಿ ಅಪರಾಧ. ಮೊದಲ ಸಲವೇ 1ರಿಂದ 3 ವರ್ಷ ಜೈಲು. ಐಟಿ ಕಾಯ್ದೆಯ 66ಇ ಕೂಡ ಇದೆ.

ಮನೆಯೊಳಗಿನ ಕ್ಯಾಮೆರಾದ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಒಂದೇ ಮನೆಯಲ್ಲಿರುವ ಸಹೋದರರ ಜಗಳದಲ್ಲಿ, ಜೊತೆಗೆ ವಾಸಿಸುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ಹಾಕುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ತಳ್ಳಿಹಾಕಿತು. ಅಣ್ಣತಮ್ಮಂದಿರ ನಡುವೆಯೇ ಒಪ್ಪಿಗೆ ಬೇಕು ಅಂದ ಮೇಲೆ ಬಾಡಿಗೆಗಿರುವವರ ಮಾತು ಎತ್ತಲೇಬೇಕು.

ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಹೊಸಕೋಟೆ-ನೆಲಮಂಗಲದ ಗೋದಾಮಿನಲ್ಲಿ ಪಾಳಿ ಮಾಡುವ ಹೊರರಾಜ್ಯದ ಹುಡುಗರು ಇರೋದು ಇಂಥ ಸಾಲು ರೂಮುಗಳಲ್ಲೇ. ಕಾರಿಡಾರಿನ ಕ್ಯಾಮೆರಾ ಕಳ್ಳನನ್ನು ಹಿಡಿಯಬಹುದು. ಯಾರ ರೂಮಿಗೆ ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಯಾವ ಜಾತಿ ಯಾವ ಧರ್ಮದವರು ಅಂತ ಲೆಕ್ಕ ಇಡೋಕೂ ಬಳಕೆ ಆಗಬಹುದು. ವ್ಯತ್ಯಾಸ ಇರೋದು ಲೆನ್ಸಿನಲ್ಲಲ್ಲ, ಆ್ಯಪ್ ಯಾರ ಫೋನಿನಲ್ಲಿದೆ ಅನ್ನೋದರಲ್ಲಿ. ಒಪ್ಪಬಹುದಾದ ಕನಿಷ್ಠ ನಿಯಮ ಇಷ್ಟು: ಗೇಟು, ಮೆಟ್ಟಿಲು, ಪಾರ್ಕಿಂಗ್ ಸರಿ. ರೂಮಿನ ಬಾಗಿಲೊಳಗೆ, ಬಟ್ಟೆ ಒಣಹಾಕುವ ಜಾಗ, ಬಚ್ಚಲ ದಾರಿ ಬೇಡ. ಕ್ಯಾಮೆರಾ ಇದೆ ಅಂತ ಕನ್ನಡದ ಜೊತೆಗೆ ಅಲ್ಲಿರುವವರಿಗೆ ಅರ್ಥವಾಗುವ ಭಾಷೆಯಲ್ಲೂ ಬೋರ್ಡು. ಎಷ್ಟು ದಿನ ಇಡ್ತೀವಿ, ಯಾರು ನೋಡ್ತಾರೆ ಅಂತ ಬಾಡಿಗೆ ಕರಾರಿನಲ್ಲಿ ಒಂದು ಸಾಲು. ಬಹುತೇಕ ಎನ್‌ವಿಆರ್‌ಗಳಲ್ಲಿ 'ಪ್ರೈವೆಸಿ ಮಾಸ್ಕ್' ಸೌಲಭ್ಯ ಇದೆ. ಚಿತ್ರದಲ್ಲಿ ಪಕ್ಕದ ಮನೆ ಬಂದರೆ ಆ ಭಾಗವನ್ನು ಕಪ್ಪು ಮಾಡಬಹುದು.

ಪೊಲೀಸರು ಕೇಳಿದರೆ?

ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಹಾಕಿ 30 ದಿನ ದೃಶ್ಯ ಇಡಬೇಕು ಅನ್ನೋದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳ) ಜಾರಿ ಕಾಯ್ದೆಯ ನಿಯಮ. ಅದರ ಗುರಿ ಅಂಗಡಿ, ಕಾರ್ಖಾನೆ, ಆಸ್ಪತ್ರೆಯಂಥ ಸ್ಥಳಗಳು. ನಿಮ್ಮ ಮನೆಯ ದೃಶ್ಯ ಅಪರಾಧದ ತನಿಖೆಗೆ ಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 94ರಡಿ ಪೊಲೀಸರು ಲಿಖಿತವಾಗಿ ಕೇಳಬಹುದು. ಸಹಕರಿಸಿ, ಪ್ರತಿ ಕೊಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಆದರೆ ಲೈವ್ ಪಾಸ್‌ವರ್ಡ್ ಕೊಡೋದು ಬೇರೆ ಮಾತು. ಒಂದು ಘಟನೆಯ ದೃಶ್ಯ ಸಾಕ್ಷಿಯಾಗತ್ತೆ, ಸದಾ ತೆರೆದ ಕಿಂಡಿ ಕಣ್ಗಾವಲಾಗತ್ತೆ.

ದೃಶ್ಯ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಅದರಲ್ಲಿ ನಮೂದಿಸಬೇಕು. ವಾಟ್ಸ್ಆ್ಯಪ್‌ನಲ್ಲಿ ಸುತ್ತಾಡಿ ಬಂದ ಕ್ಲಿಪ್ಪಿಗೆ ಆ ಬೆಲೆ ಇಲ್ಲ. ಎನ್‌ವಿಆರ್‌ನಿಂದ ನೇರ ಪೆನ್‌ಡ್ರೈವಿಗೆ ಮೂಲ ಫೈಲ್ ತೆಗೆಯಿರಿ. ರೆಕಾರ್ಡರ್ ಗಡಿಯಾರ ಸರಿಯಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಇಪ್ಪತ್ತು ನಿಮಿಷ ಹಿಂದಿರುವ ಗಡಿಯಾರ ಒಳ್ಳೆ ಕೇಸನ್ನೂ ಕೆಡಿಸತ್ತೆ.

ಇದೇ ಕನ್ನಡಿಯನ್ನು ಆ ಕಡೆಗೂ ಹಿಡಿಯಬೇಕು. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಪ್ರತಿ ಪೊಲೀಸ್ ಠಾಣೆಯಲ್ಲೂ ರಾತ್ರಿ ಕಾಣುವ, ಧ್ವನಿ ಹಿಡಿಯುವ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು ಎಂದು ಆದೇಶಿಸಿತು. ಠಾಣೆಯಲ್ಲಿ ಹಿಂಸೆ ನಡೆದರೆ ಆ ದೃಶ್ಯ ಕೇಳುವ ಹಕ್ಕು ಸಂತ್ರಸ್ತರಿಗಿದೆ. ಮನೆಯ ದೃಶ್ಯ ಕೊಡಿ ಅನ್ನುವ ವ್ಯವಸ್ಥೆಗೆ ತನ್ನ ಠಾಣೆಯ ದೃಶ್ಯ ಕೊಡುವ ಹೊಣೆಯೂ ಇದೆ.

ದುಡ್ಡು ಕೊಡುವ ಮುಂಚೆ ಕೇಳಿ

• ಕೇಬಲ್ ಅಪ್ಪಟ ತಾಮ್ರವೇ? ಎಳೆ ಕೆರೆದು ನೋಡಿದಿರಾ?

• ಸ್ವಿಚ್ ಅಥವಾ ಎನ್‌ವಿಆರ್ ಮೇಲೆ 802.3ಎಎಫ್/ಎಟಿ ಅಂತ ಇದೆಯೇ? ಒಟ್ಟು ಪವರ್ ಬಜೆಟ್ ಎಷ್ಟು?

• ಯಾವ ಎಳೆತವಾದರೂ 100 ಮೀಟರ್ ದಾಟಿದೆಯೇ? ಹೊರಗಿನ ಕ್ಯಾಮೆರಾಗೆ ಸರ್ಜ್ ಪ್ರೊಟೆಕ್ಟರ್, ಅರ್ತಿಂಗ್ ಇದೆಯೇ?

• ಮೇನ್ ಇಳಿಸಿದರೆ ಕ್ಯಾಮೆರಾ ಉಳಿಯತ್ತೆಯೇ? ಅವರ ಎದುರೇ ಇಳಿಸಿ ನೋಡಿ. ಕತ್ತಲಾದ ಮೇಲೂ ಒಮ್ಮೆ ನೋಡಿ.

• ಕ್ಯಾಮೆರಾಗೆ ಬಿಐಎಸ್ ನೋಂದಣಿ ಇದೆಯೇ? ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬರೆದಿದ್ದಾರೆಯೇ?

• ಅಡ್ಮಿನ್ ಖಾತೆ ಯಾರ ನಂಬರಿನಲ್ಲಿದೆ? ಬೇರೆ ಯಾವ ಫೋನಿಗೆ ಶೇರ್ ಆಗಿದೆ?

• ಪ್ರತಿ ಕ್ಯಾಮೆರಾದ ಚಿತ್ರದಲ್ಲಿ ಯಾರ ಬಾಗಿಲು, ಯಾರ ಕಿಟಕಿ ಕಾಣ್ತಿದೆ?

ಕೊನೆಯ ಎರಡು ಪ್ರಶ್ನೆಗೆ ಇನ್‌ಸ್ಟಾಲ್ ಮಾಡುವವರ ಹತ್ತಿರ ಉತ್ತರ ಸಿಗದಿರಬಹುದು. ಎನ್‌ವಿಆರ್‌ನ ಬಳಕೆದಾರರ ಪಟ್ಟಿ ತೆರೆದು ನೀವೇ ನೋಡಿ. ಬಾಡಿಗೆ ಮನೆಯಲ್ಲಿದ್ದರೆ ಮಾಲೀಕರನ್ನು ಕೇಳಿ, ನಾಲ್ಕು ಮನೆಯವರು ಒಟ್ಟಿಗೆ ಹೋಗಿ ಕೇಳಿ. ಕರಾರಿನಲ್ಲಿ ಬರೆಸುವ ಆ ಒಂದು ಸಾಲಿಗೆ ಖರ್ಚೇನೂ ಇಲ್ಲ.